ಬೆನ್ನಿಗೆ ಇಂಜೆಕ್ಷನ್ ಆದ ಮೇಲೆ ತಲೆನೋವು: ನರಕ್ಕೆ ಬ್ಲಾಕ್ ಕೊಡಿಸಬಹುದಾ?

ತುಮಕೂರಿನ ಹೊಸ ಅಪ್ಪ
ಗುರುವಾರ, ರಾತ್ರಿ 10.40

ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ. ಸೋಮವಾರ ಬೆಳಗ್ಗೆ ನನ್ನ ಹೆಂಡತಿಗೆ ಸಿಸೇರಿಯನ್ ಆಯಿತು. ಹೆಣ್ಣು ಮಗು, ಚೆನ್ನಾಗಿದೆ. ಆಪರೇಷನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಮಂಗಳವಾರ ಏನೂ ತೊಂದರೆ ಇರಲಿಲ್ಲ. ಬುಧವಾರ ಬೆಳಗ್ಗೆ ಮಗುವಿಗೆ ಹಾಲು ಕೊಡೋಣ ಅಂತ ಎದ್ದು ಕೂತಳು, ಎರಡೇ ನಿಮಿಷ, ಹಿಂದಲೆಯಿಂದ ಹಣೆವರೆಗೂ ಯಾರೋ ಹಗ್ಗ ಕಟ್ಟಿ ಕೆಳಕ್ಕೆ ಜಗ್ಗಿದ ಹಾಗೆ ಆಗ್ತಿದೆ ಅಂತ ಅತ್ತುಬಿಟ್ಟಳು. ಮಲಗಿಸಿದೆವು. ಐದು ನಿಮಿಷಕ್ಕೆ ನೋವು ಮಾಯ. ಮತ್ತೆ ಕೂತರೆ ಮತ್ತೆ ಅದೇ.

ಈಗ ಎರಡು ದಿನ ಆಯಿತು. ಕತ್ತು ಬಿಗಿ ಹಿಡಿದಿದೆ. ಕಿವಿಯಲ್ಲಿ ನೀರು ಹೊಕ್ಕ ಹಾಗೆ ಗುಂಯ್ ಅನ್ನುತ್ತೆ ಅಂತಾಳೆ. ಬಾತ್‌ರೂಮಿಗೆ ಹೋಗಿ ಬರೋದೇ ಒಂದು ಯುದ್ಧ. ನಮ್ಮ ಅಮ್ಮನೂ ಅತ್ತೆಯೂ ಒಂದು ವಿಷಯದಲ್ಲಿ ಒಂದಾಗಿದ್ದು ಮದುವೆ ಆದ ಮೇಲೆ ಇದೇ ಮೊದಲು: ಕಿವಿಗೆ ಹತ್ತಿ ಇಡಲಿಲ್ಲ, ತಲೆಗೆ ಗಾಳಿ ಹೊಕ್ಕಿದೆ. ಡಾಕ್ಟರ್ ನೀರು ಚೆನ್ನಾಗಿ ಕುಡಿಸಿ ಅಂದರೆ ಇವರು ಬಾಣಂತಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಬರುತ್ತೆ ಅಂತ ಅರ್ಧ ಲೋಟ ಅಳೆದು ಕೊಡ್ತಿದ್ದಾರೆ.

ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ. ಕಾಫಿ ಕುಡಿಸಿ ಅಂದರು, ಕುಡಿಸಿದೆವು. ಸ್ವಲ್ಪ ಹೊತ್ತು ಪರವಾಗಿಲ್ಲ ಅನ್ನಿಸಿ ಮತ್ತೆ ಶುರು. ಇವತ್ತು ಸಂಜೆ ಅರಿವಳಿಕೆ ಡಾಕ್ಟರ್ ಬಂದು ನೋಡಿ, ನಾಳೆಯೂ ಹೀಗೇ ಇದ್ದರೆ ಮೂಗಿನಲ್ಲಿ ಔಷಧಿ ಇಟ್ಟು ಬ್ಲಾಕ್ ಮಾಡಬಹುದು, ಇಲ್ಲಾ ತಲೆ ಹಿಂದೆ ನರಕ್ಕೆ ಬ್ಲಾಕ್ ಕೊಡಬಹುದು, ಯಾವುದೂ ಆಗದಿದ್ದರೆ ಬ್ಲಡ್ ಪ್ಯಾಚ್ ಅಂತ ಮೂರು ಹೆಸರು ಹೇಳಿ ಹೊರಟರು. ನನಗೆ ಅಷ್ಟೊತ್ತಿಗೆ ತಲೆ ಓಡಲಿಲ್ಲ, ಏನೂ ಕೇಳಲಿಲ್ಲ.

ಯಾರಾದರೂ ಮಾಡಿಸಿಕೊಂಡಿದ್ದೀರಾ? ಬೆನ್ನಿಗೆ ಚುಚ್ಚಿ ಬಂದ ನೋವಿಗೆ ಮೂಗಿಗೆ ಯಾಕೆ ಔಷಧಿ? ನರಕ್ಕೆ ಚುಚ್ಚಿದರೆ ಕೈಕಾಲು ಹೋಗಿಬಿಟ್ಟರೆ? ಮಗು ಹಾಲು ಕುಡಿಯುತ್ತಿದೆ, ಅದಕ್ಕೇನಾದರೂ ಆಗುತ್ತಾ?


ಮಂಡ್ಯದ ಅಕ್ಕ
ಗುರುವಾರ, ರಾತ್ರಿ 11.15

ಮೊದಲು ಅಭಿನಂದನೆ ತಮ್ಮಾ. ಮಗು ಆದ ಖುಷಿನೂ ಅನುಭವಿಸೋಕೆ ಬಿಡಲ್ಲ ಈ ನೋವು, ನನಗೆ ಗೊತ್ತು. ನನಗೆ ಎರಡನೇ ಮಗು ಆದಾಗ ಇದೇ ಆಗಿತ್ತು, ಮೂಗಿನ ಬ್ಲಾಕ್ ಮಾಡಿಸಿಕೊಂಡೆ.

ಹೇಗಿರುತ್ತೆ ಅಂತ ಹೇಳಿಬಿಡ್ತೀನಿ, ಆಗ ಹೆದರಿಕೆ ಕಡಿಮೆ ಆಗುತ್ತೆ. ಅಂಗಾತ ಮಲಗಿಸಿ ಭುಜದ ಕೆಳಗೆ ದಿಂಬು ಇಟ್ಟು ತಲೆ ಹಿಂದಕ್ಕೆ ಬಾಗಿಸಿದರು. ಉದ್ದ ಕಡ್ಡಿ, ತುದಿಗೆ ಹತ್ತಿ, ಆ ಹತ್ತಿಯನ್ನು ಮರಗಟ್ಟಿಸುವ ಔಷಧಿಯಲ್ಲಿ ಅದ್ದಿ ಒಂದೊಂದು ಹೊಳ್ಳೆಗೆ ಒಂದೊಂದು ಮೆಲ್ಲಗೆ ಒಳಗೆ ಬಿಟ್ಟರು. ಕೋವಿಡ್ ಟೆಸ್ಟ್ ಮಾಡಿಸಿದ್ದರೆ ಗೊತ್ತಿರುತ್ತೆ, ಹಾಗೇ, ಆದರೆ ಇಲ್ಲಿ ಕಡ್ಡಿ ತೆಗೆಯಲ್ಲ, ಹತ್ತು ನಿಮಿಷ ಹಾಗೇ ಇರಬೇಕು. ಮೂಗಿನಿಂದ ಎರಡು ಕಡ್ಡಿ ನಿಂತಿರೋದು ನೋಡಿ ನನ್ನ ಗಂಡ ಫೋಟೋ ತೆಗೆಯೋಕೆ ಹೋದರು. ಬೈಸಿಕೊಂಡರು. ಗಂಟಲಿಗೆ ಕಹಿ ಇಳಿಯಿತು, ಕಣ್ಣಲ್ಲಿ ನೀರು ಬಂತು, ಗಂಟಲು ಸ್ವಲ್ಪ ಜೋಮು ಹಿಡಿಯಿತು. ಅಷ್ಟೇ. ಸೂಜಿಯೇ ಇಲ್ಲ.

ಕಡ್ಡಿ ತೆಗೆದು ಎಬ್ಬಿಸಿ ಕೂರಿಸಿದರು. ಹತ್ತರಲ್ಲಿ ಒಂಬತ್ತು ಇದ್ದ ನೋವು ಮೂರಕ್ಕೆ ಇಳಿದಿತ್ತು. ಕೂತು ಊಟ ಮಾಡಿದೆ. ಆದರೆ ಸುಳ್ಳು ಹೇಳಲ್ಲ, ರಾತ್ರಿ ಮತ್ತೆ ಬಂತು. ಮಾರನೇ ದಿನ ಇನ್ನೊಂದು ಸಲ ಮಾಡಿದರು. ಆಮೇಲೆ ಬಂದ ನೋವು ಮೊದಲಿನಷ್ಟು ಇರಲಿಲ್ಲ, ಆರನೇ ದಿನಕ್ಕೆ ತಾನೇ ಹೋಯಿತು. ಬ್ಲಾಕಿನಿಂದ ಹೋಯಿತೋ, ಹೋಗೋ ಟೈಮ್ ಬಂದಿತ್ತೋ, ದೇವರಿಗೇ ಗೊತ್ತು. ನನಗೆ ಆ ಎರಡು ದಿನ ದಾಟಿಸಿದ್ದು ಮಾತ್ರ ನಿಜ.

ಮಗುವಿಗೆ ಏನೂ ಆಗಲಿಲ್ಲ. ಈಗ ಯುಕೆಜಿ, ಮನೆ ಮಾಳಿಗೆ ಹಾರಿಸ್ತಾನೆ.


ಅರಿವಳಿಕೆಯವನು
ಶುಕ್ರವಾರ, ಬೆಳಗ್ಗೆ 6.20

ನಾನು ಅರಿವಳಿಕೆ ಡಾಕ್ಟರ್. ನಿಮ್ಮ ಮನೆಯವರನ್ನು ನಾನು ನೋಡಿಲ್ಲ, ನೋಡಿದವರ ಮಾತೇ ಕೊನೆ. ಆದರೆ ಮೂರು ಹೆಸರು ಹೇಳಿ ಹೊರಟುಹೋದರು ಅಂದಿರಲ್ಲ, ಆ ಹೆಸರುಗಳ ಹಿಂದೆ ಏನಿದೆ ಅಂತ ಹೇಳುತ್ತೇನೆ.

ನಮ್ಮ ಮೆದುಳು ಸುಮಾರು 1400 ಗ್ರಾಂ. ಅದು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತೆ, ತೇಲುವಾಗ ಅದರ ಭಾರ 50 ಗ್ರಾಂ ಅಷ್ಟೇ. ಅದೇ ದ್ರವ ಬೆನ್ನುಹುರಿಯ ಸುತ್ತಲೂ ಇದೆ, ಒಟ್ಟು ಸುಮಾರು 150 ಮಿ.ಲೀ., ಎರಡು ಸಣ್ಣ ಕಾಫಿ ಲೋಟದಷ್ಟು. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಈ ದ್ರವದ ಚೀಲಕ್ಕೆ ಸೂಜಿ ತೂತು ಮಾಡುತ್ತೆ. ಸಾಮಾನ್ಯವಾಗಿ ತೂತು ಬೇಗ ಮುಚ್ಚಿಕೊಳ್ಳುತ್ತೆ. ಕೆಲವರಲ್ಲಿ ಮುಚ್ಚಲ್ಲ, ದ್ರವ ಜಿನುಗುತ್ತಾ ಇರುತ್ತೆ. ನಿಮ್ಮ ಸಿಂಟೆಕ್ಸ್ ಟ್ಯಾಂಕಿನಲ್ಲಿ ಬಾಲ್ ಇರುತ್ತಲ್ಲ, ನೀರು ಇಳಿದರೆ ಬಾಲ್ ಇಳಿದು ಸರಳನ್ನು ಜಗ್ಗುತ್ತೆ. ಇಲ್ಲೂ ಹಾಗೇ. ಕೂತಾಗ ಮೆದುಳು ಸ್ವಲ್ಪ ಕೆಳಗೆ ಜಾರಿ ಸುತ್ತಲಿನ ಪೊರೆಗಳನ್ನೂ ನರಗಳನ್ನೂ ಜಗ್ಗುತ್ತೆ. ಮಲಗಿದರೆ ಜಗ್ಗಾಟ ನಿಲ್ಲುತ್ತೆ. ನಿಮ್ಮವರು ಹಗ್ಗ ಕಟ್ಟಿ ಜಗ್ಗಿದ ಹಾಗೆ ಅಂದರಲ್ಲ, ಪುಸ್ತಕದಲ್ಲೂ ಅಷ್ಟು ಸರಿಯಾಗಿ ಬರೆದಿಲ್ಲ.

ಜಗ್ಗಾಟ ಒಂದು ಕಾರಣ. ಇನ್ನೊಂದು, ದ್ರವ ಕಡಿಮೆ ಆದ ಜಾಗ ತುಂಬಿಸೋಕೆ ತಲೆಯೊಳಗಿನ ರಕ್ತನಾಳಗಳು ಹಿಗ್ಗುತ್ತವೆ. ಅದರಿಂದಲೂ ನೋವು. ಕಾಫಿ ಸ್ವಲ್ಪ ಹೊತ್ತು ಹಿತ ಕೊಡೋದು ಇದಕ್ಕೇ, ಕೆಫೀನ್ ರಕ್ತನಾಳವನ್ನು ಬಿಗಿ ಮಾಡುತ್ತೆ. ಆದರೆ ಹಾಲೂಡಿಸುವವರು ದಿನಕ್ಕೆ 200ರಿಂದ 300 ಮಿ.ಗ್ರಾಂ ಕೆಫೀನ್ ದಾಟಬೇಡಿ. ಲೋಟದ ಮೇಲೆ ಲೋಟ ಸ್ಟ್ರಾಂಗ್ ಡಿಕಾಕ್ಷನ್ ಕುಡಿಸಿದರೆ ಮಗು ಮಲಗಲ್ಲ, ಆಮೇಲೆ ಮನೆಮಂದಿಗೆಲ್ಲ ತಲೆನೋವು.

ಈಗ ಮೂಗಿನ ಕಥೆ. ಮೂಗಿನ ಒಳಗೆ ತುಂಬಾ ಹಿಂದೆ, ಪೊರೆಯ ಕೆಳಗೆ ಕೆಲವೇ ಮಿಲಿಮೀಟರ್ ಒಳಗೆ ನರಗಳ ಒಂದು ಗಂಟು ಇದೆ. ಸ್ಫೀನೋಪ್ಯಾಲಟೈನ್ ಗ್ಯಾಂಗ್ಲಿಯನ್ ಅಂತ ಹೆಸರು, ಮರೆತುಬಿಡಿ. ರಕ್ತನಾಳ ಹಿಗ್ಗು ಅಂತ ಹೇಳುವ ನರಗಳು ಅಲ್ಲಿಂದ ಹಾದುಹೋಗುತ್ತವೆ. ಅದನ್ನು ಸ್ವಲ್ಪ ಹೊತ್ತು ಮರಗಟ್ಟಿಸಿದರೆ ಹಿಗ್ಗೋದು ನಿಲ್ಲುತ್ತೆ ಅನ್ನೋದು ಲೆಕ್ಕ. ಇದು ಹೊಸದೇನಲ್ಲ, ಸ್ಲೂಡರ್ ಅನ್ನುವ ಅಮೆರಿಕದ ಮೂಗು ಗಂಟಲಿನ ಡಾಕ್ಟರ್ 1908ರಲ್ಲೇ ಮುಖದ ನೋವಿಗೆ ಈ ಗಂಟನ್ನು ಹಿಡಿದಿದ್ದರು. ಬೆನ್ನಿನ ಸೂಜಿಯ ತಲೆನೋವಿಗೆ ಬಳಸೋಕೆ ಶುರು ಮಾಡಿದ್ದು ತೀರಾ ಈಚೆಗೆ.

ಹಿಂದಲೆಯ ಬ್ಲಾಕ್ ಬೇರೆ. ತಲೆ ಹಿಂದೆ ಕೈಯಾಡಿಸಿ, ಮಧ್ಯದಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತೆ. ಕಿವಿಯ ಹಿಂದೆ ಇನ್ನೊಂದು. ಎರಡರ ನಡುವೆ ಗೆರೆ ಎಳೆದರೆ ಮಧ್ಯದ ಉಬ್ಬಿನಿಂದ ಮೂರನೇ ಒಂದು ಭಾಗದ ಹತ್ತಿರ ಒಂದು ದಪ್ಪ ನರ ಚರ್ಮದ ಕೆಳಗೇ ಮೇಲಕ್ಕೆ ಹೋಗುತ್ತೆ. ಪಕ್ಕದಲ್ಲೇ ರಕ್ತನಾಳ, ಬೆರಳಿಟ್ಟರೆ ಮಿಡಿತ ಸಿಗುತ್ತೆ. ಆ ನರದ ಸುತ್ತ, ಎರಡೂ ಕಡೆ, ಕೆಲವು ಮಿ.ಲೀ. ಔಷಧಿ ಬಿಡುತ್ತೇವೆ. ಈ ನರ ಕತ್ತಿನ ಎರಡನೇ ನರದಿಂದ ಬರೋದು. ಹಣೆಯ ನೋವು, ಮೆದುಳಿನ ಪೊರೆಯ ನೋವು ಹೊತ್ತು ತರೋದು ಇನ್ನೊಂದು ನರ. ಎರಡೂ ಒಳಗೆ ಹೋಗಿ ಒಂದೇ ಕಡೆ ಸೇರುತ್ತವೆ. ಅರಸೀಕೆರೆ ಜಂಕ್ಷನ್ ಇದ್ದ ಹಾಗೆ ಅಂದುಕೊಳ್ಳಿ. ಒಂದು ಲೈನಿನಲ್ಲಿ ಗಾಡಿ ನಿಲ್ಲಿಸಿದರೆ ಜಂಕ್ಷನ್ನಿನ ಗಲಾಟೆಯೇ ಕಡಿಮೆ ಆಗಿ, ಇನ್ನೊಂದು ಲೈನಿನ ನೋವೂ ಇಳಿಯುತ್ತೆ.

ಕೈಕಾಲಿನ ಭಯ ಬಿಡಿ. ಅದು ನೆತ್ತಿಯ ಚರ್ಮಕ್ಕೆ ಹೋಗುವ ನರ, ಕೈಕಾಲು ಆಡಿಸುವ ನರ ಅಲ್ಲ. ನೆತ್ತಿ ಕೆಲವು ಗಂಟೆ ಮರಗಟ್ಟುತ್ತೆ, ಕೆಲವರಿಗೆ ತಲೆ ಸುತ್ತುತ್ತೆ. ಸ್ಟೀರಾಯ್ಡ್ ಸೇರಿಸಿದ್ದರೆ ಅಪರೂಪಕ್ಕೆ ಆ ಜಾಗದಲ್ಲಿ ನಾಣ್ಯದಷ್ಟು ಕೂದಲು ಉದುರಬಹುದು. ಶುಗರ್ ಇದ್ದರೆ ಮೊದಲೇ ಹೇಳಿ. ಹಾಲು ಕೊಡೋದು ನಿಲ್ಲಿಸಬೇಕಾಗಿಲ್ಲ.

ಒಂದು ಮಾತು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಎರಡು ಬ್ಲಾಕೂ ತೂತು ಮುಚ್ಚಲ್ಲ. ನೋವಿನ ಸದ್ದು ಅಡಗಿಸುತ್ತವೆ ಅಷ್ಟೇ, ಅಷ್ಟರಲ್ಲಿ ದೇಹ ತಾನೇ ತೂತು ಮುಚ್ಚಿಕೊಳ್ಳಲಿ ಅಂತ. ದೇಹ ದಿನಕ್ಕೆ ಸುಮಾರು 500 ಮಿ.ಲೀ. ದ್ರವ ಹೊಸದಾಗಿ ಮಾಡುತ್ತೆ, ಹಾಗಾಗಿ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗೇ ಸರಿಹೋಗುತ್ತೆ. ತೂತಿಗೇ ತೇಪೆ ಹಾಕೋದು ಬ್ಲಡ್ ಪ್ಯಾಚ್ ಒಂದೇ, ಅಂದರೆ ಅವರದೇ ರಕ್ತ ತೆಗೆದು ಬೆನ್ನಿನಲ್ಲಿ ಆ ಚೀಲದ ಹೊರಗೆ ಬಿಡೋದು.

ಅಂದ ಹಾಗೆ ಈ ತಲೆನೋವನ್ನು ತಾವೇ ಅನುಭವಿಸಿ ಬರೆದಿಟ್ಟವರು ಜರ್ಮನಿಯ ಕೀಲ್ ಊರಿನ ಸರ್ಜನ್ ಆಗಸ್ಟ್ ಬಿಯರ್. 1898ರ ಆಗಸ್ಟ್‌ನಲ್ಲಿ ತಮ್ಮ ಬೆನ್ನಿಗೇ ಚುಚ್ಚಿಸಿಕೊಂಡರು. ಸಿರಿಂಜು ಸೂಜಿಗೆ ಸರಿಯಾಗಿ ಕೂರಲಿಲ್ಲ, ಔಷಧಿ ಒಳಗೆ ಹೋಗೋ ಬದಲು ಒಳಗಿನ ದ್ರವ ಹೊರಗೆ ಸುರಿಯಿತು. ಆಮೇಲೆ ಸಹಾಯಕ ಹಿಲ್ಡೆಬ್ರಾಂಟ್ ಬೆನ್ನಿಗೆ ಕೊಟ್ಟು, ಕಾಲು ಮರಗಟ್ಟಿದೆಯಾ ನೋಡೋಕೆ ಮೊಣಕಾಲಿನ ಕೆಳಗೆ ಸುತ್ತಿಗೆಯಲ್ಲಿ ಹೊಡೆದರು. ಸಂಜೆ ಇಬ್ಬರೂ ಊಟ, ವೈನು, ಸಿಗಾರು ಅಂತ ಖುಷಿಪಟ್ಟರು. ಆಮೇಲೆ ಬಿಯರ್ ಒಂಬತ್ತು ದಿನ ಹಾಸಿಗೆ ಹಿಡಿದರು, ಎದ್ದರೆ ತಲೆನೋವು, ಮಲಗಿದರೆ ಇಲ್ಲ. ಅವರ ಕಿವಿಗೂ ಯಾರೂ ಹತ್ತಿ ಇಟ್ಟಿರಲಿಲ್ಲ ಅನ್ನಿ.


ಲೆಕ್ಕ ಕೇಳುವವ
ಶುಕ್ರವಾರ, ಬೆಳಗ್ಗೆ 7.05

ಡಾಕ್ಟ್ರೇ, ವಿವರಣೆ ಚೆನ್ನಾಗಿದೆ, ಆದರೆ ಒಂದು ವಿಷಯ ನೀವು ಹೇಳಲಿಲ್ಲ. 2020ರಲ್ಲಿ ಡೆನ್ಮಾರ್ಕ್‌ನವರು ಈ ಮೂಗಿನ ಬ್ಲಾಕನ್ನು 40 ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ. ಅರ್ಧ ಜನಕ್ಕೆ ಮರಗಟ್ಟಿಸುವ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಅರ್ಧ ಗಂಟೆ ಆದ ಮೇಲೆ ಕೂರಿಸಿ ನೋವು ಅಳೆದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಹಾಗಾದರೆ ಔಷಧಿಗೆ ಅಂತ ದುಡ್ಡು ಯಾಕೆ, ಉಪ್ಪುನೀರೇ ಸಾಕಲ್ವಾ? ಮಂಡ್ಯದ ಅಕ್ಕ ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಬರೀ ಉಪ್ಪುನೀರು ಇಟ್ಟಿದ್ದರೂ ಒಂಬತ್ತು ಮೂರಕ್ಕೆ ಇಳಿಯುತ್ತಿತ್ತೇನೋ.

ನನ್ನ ಅಭಿಪ್ರಾಯ, ಸುಮ್ನೆ ಟೈಮ್ ವೇಸ್ಟ್ ಮಾಡದೆ ನೇರ ಬ್ಲಡ್ ಪ್ಯಾಚ್ ಮಾಡಿಸಿ.


ಮಂಡ್ಯದ ಅಕ್ಕ
ಶುಕ್ರವಾರ, ಬೆಳಗ್ಗೆ 7.30

ಅಣ್ಣಾ, ಉಪ್ಪುನೀರೋ ಗಂಗಾಜಲವೋ, ನಾನು ಎದ್ದು ಕೂತು ಅನ್ನ ಸಾರು ಉಂಡೆ. ಆವತ್ತು ನಿಮ್ಮ ಲೆಕ್ಕ ಯಾರಿಗೆ ಬೇಕಿತ್ತು.


ಅರಿವಳಿಕೆಯವನು
ಶುಕ್ರವಾರ, ಬೆಳಗ್ಗೆ 8.10

ಲೆಕ್ಕ ಕೇಳುವವರು ಹೇಳಿದ್ದು ಸರಿ ಇದೆ, ನಾನೇ ಹೇಳಬೇಕಿತ್ತು. ಆದರೆ ಅದೇ ಅಧ್ಯಯನದ ಇನ್ನೊಂದು ಮುಖ ನೋಡಿ. ಔಷಧಿ ಇಟ್ಟವರಿಗೂ ನೋವು ಇಳಿಯಿತು, ಉಪ್ಪುನೀರು ಇಟ್ಟವರಿಗೂ ಇಳಿಯಿತು. ಸುಮಾರು ಅರ್ಧದಷ್ಟು ಜನರಿಗೆ ಪ್ಯಾಚ್ ಬೇಕಾಗಲೇ ಇಲ್ಲ. ಕಡ್ಡಿ ಒಳಗೆ ತಾಗಿದ್ದೇ ಏನಾದರೂ ಮಾಡುತ್ತೋ, ಹತ್ತು ನಿಮಿಷ ತಲೆ ಹಿಂದಕ್ಕೆ ಬಾಗಿಸಿ ಮಲಗಿದ್ದಕ್ಕೋ, ನೋವು ಹೋಗುತ್ತೆ ಅನ್ನುವ ನಂಬಿಕೆಗೋ, ಯಾರೂ ಖಚಿತವಾಗಿ ಹೇಳೋಕೆ ಆಗಲ್ಲ.

2023ರಲ್ಲಿ ಹಲವು ದೇಶಗಳ ಅರಿವಳಿಕೆ ಸಂಘಗಳು ಸೇರಿ ಈ ತಲೆನೋವಿಗೆ ಅಂತಲೇ ಮಾರ್ಗಸೂಚಿ ತಂದವು. ಮೂಗಿನ ಬ್ಲಾಕನ್ನು ಎಲ್ಲರಿಗೂ ಮಾಡಿ ಅನ್ನುವಷ್ಟು ಪುರಾವೆ ಇಲ್ಲ ಅಂತ ಅದರಲ್ಲಿದೆ. ಹಿಂದಲೆಯ ಬ್ಲಾಕಿನ ಬಗ್ಗೆ ಸ್ವಲ್ಪ ಮೆತ್ತಗೆ: ಸಣ್ಣ ಸೂಜಿಯಿಂದ ಸ್ಪೈನಲ್, ಅಂದರೆ ದ್ರವದ ಚೀಲದೊಳಕ್ಕೇ ಕೊಡುವ ಇಂಜೆಕ್ಷನ್, ಆದವರಿಗೆ ಕೊಡಬಹುದು, ಆದರೆ ನೋವು ಮರಳಿ ಬರಬಹುದು, ಕೆಲವರಿಗೆ ಪ್ಯಾಚ್ ಬೇಕಾಗಬಹುದು ಅಂತ ಮೊದಲೇ ಹೇಳಿ ಅಂತ. ಎಪಿಡ್ಯೂರಲ್ ಅಂದರೆ ಚೀಲದ ಹೊರಗೇ ಔಷಧಿ ಬಿಡೋದು, ಅದನ್ನು ಕೊಡುವ ದಪ್ಪ ಸೂಜಿ ತಪ್ಪಿ ಒಳಗೆ ಹೋಗಿ ತೂತಾಗಿದ್ದರೆ ಕಥೆ ಬೇರೆ, ಅದು ದೊಡ್ಡ ತೂತು, ಅಲ್ಲಿ ಬ್ಲಾಕಿನಿಂದ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆ: ಯಾವ ಸೂಜಿ, ಎಷ್ಟು ಸಣ್ಣದು?

ನೇರ ಪ್ಯಾಚ್ ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲ 48 ಗಂಟೆಯೊಳಗೆ ಹಾಕಿದ ಪ್ಯಾಚ್ ಸೋಲುವುದು ಜಾಸ್ತಿ. ಜ್ವರ, ಸೋಂಕು ಇದ್ದರೆ, ರಕ್ತ ತೆಳು ಮಾಡುವ ಇಂಜೆಕ್ಷನ್ ನಡೆಯುತ್ತಿದ್ದರೆ ಹಾಕೋ ಹಾಗಿಲ್ಲ. ಇನ್ನು ಕೆಲವರು, ಬೆನ್ನಿಗೆ ಇನ್ನೊಂದು ಸೂಜಿಯಾ, ಸತ್ತರೂ ಬೇಡ ಅಂತಾರೆ. ಅಂಥವರಿಗೆ ಬ್ಲಾಕ್ ಇದೆಯಲ್ಲ ಅನ್ನೋದು ದೊಡ್ಡ ಸಮಾಧಾನ. ನನ್ನ ಕೈಯಲ್ಲಿ ನಾನು ನೋಡಿದ್ದು ಹೇಳುತ್ತೇನೆ, ಇದು ಅಧ್ಯಯನ ಅಲ್ಲ: ಬ್ಲಾಕ್ ಆದ ಮೇಲೆ ಪೂರ್ತಿ ಹೋದವರು ಇದ್ದಾರೆ, ಎಂಟು ಹತ್ತು ಗಂಟೆ ಚೆನ್ನಾಗಿದ್ದು ಮತ್ತೆ ಕರೆದವರೂ ಇದ್ದಾರೆ.

ಮೂಗಿನದು ಸುಲಭ ಅಂತ ಮನೆಯಲ್ಲಿ ಹತ್ತಿ ಕಡ್ಡಿ ಹಿಡಿದು ಪ್ರಯೋಗ ಮಾಡಬೇಡಿ. ಆ ಜಾಗದಲ್ಲಿ ರಕ್ತ ಬಂದರೆ ನಿಲ್ಲಿಸೋದು ಕಷ್ಟ.


ಹರ್ನಿಯಾ ಹುಬ್ಬಳ್ಳಿ
ಶುಕ್ರವಾರ, ಬೆಳಗ್ಗೆ 9.00

ಇದು ಬರೀ ಬಾಣಂತಿಯರಿಗೆ ಬರೋದು ಅಂದುಕೊಂಡಿದ್ದೀರಾ? ನಾನು 34ರ ಗಂಡಸು, ಹರ್ನಿಯಾ ಆಪರೇಷನ್ ಆಗಿ ಮೂರನೇ ದಿನ ಬೈಕ್ ಹತ್ತೋಕೆ ಹೋಗಿ ಅಲ್ಲೇ ಕುಸಿದು ಕೂತೆ. ಹೆಂಡತಿ ನಾಟಕ ಅಂದಳು.

ನನಗೆ ಹಿಂದಲೆಯ ಬ್ಲಾಕ್ ಕೊಟ್ಟರು. ಮೇಜಿನ ಮೇಲೆ ಹಣೆ ಊರಿ ಕೂರಿಸಿದರು, ಕೂದಲು ಸರಿಸಿ ಬೆರಳಲ್ಲಿ ಒತ್ತಿ ಒತ್ತಿ ಹುಡುಕಿ, ಇಲ್ಲಿ ನೋಯುತ್ತಾ ಅಂದರು, ನೋಯಿತು, ಅಲ್ಲೇ ಚುಚ್ಚಿದರು. ಚುಚ್ಚಿದ್ದಕ್ಕಿಂತ ಔಷಧಿ ಒಳಗೆ ಹೋಗುವಾಗ ಉರಿ ಜಾಸ್ತಿ. ಎರಡೂ ಕಡೆ ಸೇರಿ ಐದು ನಿಮಿಷದ ಕೆಲಸ. ಹತ್ತು ನಿಮಿಷಕ್ಕೆ ಹಿಂದಲೆಯಿಂದ ನೆತ್ತಿವರೆಗೂ ದಪ್ಪ ಹೆಲ್ಮೆಟ್ ಹಾಕಿದ ಹಾಗೆ ಆಯಿತು. ತಲೆ ಬಾಚಿಕೊಂಡರೆ ಬೇರೆ ಯಾರದೋ ತಲೆ ಬಾಚಿದ ಹಾಗೆ. ಆದರೆ ಎದ್ದು ನಿಂತೆ, ನೋವು ಇಲ್ಲ. ಸ್ವಲ್ಪ ಭಾರ ಇತ್ತು ಅಷ್ಟೇ. ನನಗೆ ಮತ್ತೆ ಬರಲೇ ಇಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳ್ತಿಲ್ಲ, ನನ್ನ ಅದೃಷ್ಟ ಇರಬಹುದು.


ವಾರ್ಡ್ ಸಿಸ್ಟರ್
ಶುಕ್ರವಾರ, ಬೆಳಗ್ಗೆ 11.45

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. 16 ವರ್ಷದಿಂದ ಬಾಣಂತಿಯರ ವಾರ್ಡಿನಲ್ಲಿದ್ದೇನೆ. ಎಲ್ಲರೂ ಬ್ಲಾಕ್ ಬಗ್ಗೆ ಹೇಳಿದ್ದೀರಿ, ನಾನು ಬೇರೆ ವಿಷಯ ಹೇಳುತ್ತೇನೆ.

ಮೊದಲು ಬಿಪಿ ನೋಡಿಸಿದಿರಾ? ಹೆರಿಗೆ ಆದ ಮೇಲೆ ಬರೋ ತಲೆನೋವೆಲ್ಲ ಸೂಜಿಯದಲ್ಲ. ಹೆರಿಗೆ ಆದ ಮೇಲೂ ಬಿಪಿ ಏರಿ ಫಿಟ್ಸ್ ಬರಬಹುದು. ತಲೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಕೇಸುಗಳನ್ನೂ ನೋಡಿದ್ದೇನೆ, ಬಾಣಂತಿಯರಿಗೆ ಅದು ಬರುತ್ತೆ. ಮಲಗಿದರೂ ನೋವು ಹೋಗಲಿಲ್ಲ ಅಂದರೆ, ಮೊದಲು ಕೂತಾಗ ಮಾತ್ರ ಇದ್ದ ನೋವು ಈಗ ಯಾವಾಗಲೂ ಇದೆ ಅಂದರೆ, ಜ್ವರ, ಕಣ್ಣು ಮಂಜು, ಒಂದೇ ಎರಡಾಗಿ ಕಾಣೋದು, ಮಾತು ತೊದಲೋದು, ಕೈಕಾಲು ಸೋಲೋದು, ಫಿಟ್ಸ್, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕರೆಯಿರಿ, ಸ್ಕ್ಯಾನ್ ಬೇಕಾಗುತ್ತೆ. ಬ್ಲಾಕ್ ಕೊಟ್ಟು ನೋವು ಅಡಗಿದೆ ಅಂತ ಈ ಕಡೆ ಕಣ್ಣು ಮುಚ್ಚಬಾರದು.

ಎರಡನೇದು ನೀರು. ಅಮ್ಮಂದಿರಿಗೆ ಕೈಮುಗಿದು ಹೇಳಿ, ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಲಿ. ಬಿಸಿ ನೀರೇ ಕೊಡಲಿ, ಜೀರಿಗೆ ಹಾಕಿ ಕುದಿಸಿ ಕೊಡಲಿ, ನನ್ನದೇನೂ ಅಡ್ಡಿಯಿಲ್ಲ. ನೀರು ಜಾಸ್ತಿ ಕುಡಿದ ಮಾತ್ರಕ್ಕೆ ತೂತು ಮುಚ್ಚಿಕೊಳ್ಳಲ್ಲ ಅನ್ನೋದು ನಿಜ, ಆದರೆ ಹಾಲು ಕೊಡುವ ತಾಯಿಗೆ ನೀರು ಕಡಿಮೆ ಆದರೆ ಆ ತಲೆನೋವು ಬೇರೆ ಸೇರಿಕೊಳ್ಳುತ್ತೆ. ಹತ್ತಿಯೂ ಇರಲಿ ಬಿಡಿ, ಅದರಿಂದ ತೊಂದರೆ ಏನಿಲ್ಲ.

ಹಾಲು ಕೂತೇ ಕೊಡಬೇಕು ಅಂತಿಲ್ಲ. ಒಂದು ಮಗ್ಗುಲಾಗಿ ಮಲಗಿಸಿ, ಬೆನ್ನ ಹಿಂದೆ ದಿಂಬು ಕೊಟ್ಟು, ಮಗುವನ್ನು ಅವರ ಕಡೆ ತಿರುಗಿಸಿ ಪಕ್ಕದಲ್ಲಿ ಮಲಗಿಸಿ. ಹೊಲಿಗೆಗೂ ಹಿತ. ಪಕ್ಕದಲ್ಲಿ ಎಚ್ಚರವಾಗಿ ಒಬ್ಬರು ಕೂತಿರಿ. ಆದರೆ ದಿನವಿಡೀ ಮಲಗಿಸಿಯೇ ಇಡಬೇಡಿ, ಕಾಲಿನಲ್ಲಿ ರಕ್ತ ಗಟ್ಟಿಯಾಗುತ್ತೆ. ದಿಂಬು ಇಲ್ಲದೆ 24 ಗಂಟೆ ಅಲ್ಲಾಡದೆ ಮಲಗಿದ್ದರೆ ಈ ನೋವು ಬರುತ್ತಿರಲಿಲ್ಲ ಅಂತ ಯಾರಾದರೂ ಬೈದರೆ ನಂಬಬೇಡಿ, ಮಲಗಿದ್ದರೂ ಬರುತ್ತೆ. ಅವರ ತಪ್ಪು ಏನೂ ಇಲ್ಲ.

ಪ್ಯಾಚ್ ಅಂದರೆ ಭಯ ಬೇಡ. ಕೈಯಿಂದ ಅವರದೇ ರಕ್ತ 20 ಮಿ.ಲೀ. ತನಕ ತೆಗೆದು ಬೆನ್ನಿನಲ್ಲಿ ಆ ಚೀಲದ ಹೊರಗೆ ಬಿಡುತ್ತಾರೆ. ಬೆನ್ನು ತುಂಬಾ ಒತ್ತಿದ ಹಾಗೆ ಆದರೆ ಹೇಳಬೇಕು, ಅಲ್ಲಿಗೆ ನಿಲ್ಲಿಸುತ್ತಾರೆ. ರಕ್ತ ಹೆಪ್ಪುಗಟ್ಟಿ ತೂತಿನ ಮೇಲೆ ಕೂರುತ್ತೆ. ಒಂದೆರಡು ಗಂಟೆ ಅಂಗಾತ ಮಲಗಿರಬೇಕು. ಕೆಲವು ದಿನ ಬಗ್ಗೋದು, ಕೊಡ ಎತ್ತೋದು ಬೇಡ. ಸೊಂಟ ನೋವು ಸ್ವಲ್ಪ ದಿನ ಇರುತ್ತೆ. ಕೆಲವರಿಗೆ ಎರಡನೇ ಸಲ ಹಾಕಬೇಕಾಗುತ್ತೆ.


ಅರಿವಳಿಕೆಯವನು
ಶುಕ್ರವಾರ, ಮಧ್ಯಾಹ್ನ 12.30

ಸಿಸ್ಟರ್ ಹೇಳಿದ ಮೊದಲ ಪ್ಯಾರಾ ನಾನು ಮೊದಲು ಬರೆಯಬೇಕಿದ್ದದ್ದು. ಬಿಯರ್ ಕಥೆ ಆಮೇಲೆ ಹೇಳಬಹುದಿತ್ತು.

ಪ್ಯಾಚ್ ಬಗ್ಗೆ ಒಂದು ಸಾಲು. ಸೂಜಿ ಹಾಕುವಾಗ ಸ್ವಲ್ಪ ರಕ್ತ ಬಂದವರಿಗೆ ಈ ತಲೆನೋವು ಕಡಿಮೆ ಅಂತ ಗಮನಿಸಿ, ಅಮೆರಿಕದ ಗೋರ್ಮ್ಲಿ 1960ರಲ್ಲಿ ಬರೀ 2-3 ಮಿ.ಲೀ. ರಕ್ತದಿಂದ ಶುರು ಮಾಡಿದರು. ಆಮೇಲೆ ಹತ್ತಾಯಿತು, ಈಗ ಇಪ್ಪತ್ತಕ್ಕೆ ಬಂದಿದೆ.


ತುಮಕೂರಿನ ಹೊಸ ಅಪ್ಪ
ಭಾನುವಾರ, ಸಂಜೆ 6.10

ಎಲ್ಲರಿಗೂ ಉತ್ತರ ಕೊಡೋಕೆ ಆಗಲಿಲ್ಲ, ಕ್ಷಮಿಸಿ. ಏನಾಯಿತು ಹೇಳುತ್ತೇನೆ.

ಶುಕ್ರವಾರ ಡಾಕ್ಟರ್ ಬಂದಾಗ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದೆ. ಬಿಪಿ 118/76, ದಿನಕ್ಕೆ ಮೂರು ಸಲ ನೋಡ್ತಿದ್ದರಂತೆ, ನಮಗೇ ಗೊತ್ತಿರಲಿಲ್ಲ. ಸೂಜಿ 25 ಗೇಜ್, ಅಂದರೆ ಸಣ್ಣದೇ, ಆದರೆ ತುದಿ ಪೊರೆಯನ್ನು ಕತ್ತರಿಸಿಕೊಂಡು ಹೋಗುವ ಥರದ್ದು. ಕತ್ತಿನ ಬಿಗಿತ ಜಾಸ್ತಿ ಇದ್ದದ್ದಕ್ಕೆ ಹಿಂದಲೆಯ ಬ್ಲಾಕ್ ಮಾಡೋಣ ಅಂದರು. ಮಧ್ಯಾಹ್ನ 3 ಗಂಟೆಗೆ ಕೊಟ್ಟರು. ಹುಬ್ಬಳ್ಳಿ ಅಣ್ಣ ಹೇಳಿದ ಹೆಲ್ಮೆಟ್ ಮಾತನ್ನು ಮೊದಲೇ ಹೇಳಿದ್ದೆ, ನೆತ್ತಿ ಮರಗಟ್ಟಿದಾಗ ಹೆದರದೆ, ಹೆಲ್ಮೆಟ್ ಬಂತು ಅಂತ ನಕ್ಕಳು. ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಸಂಜೆ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಮುಕ್ಕಾಲು ಗಂಟೆ ನೋಡುತ್ತಾ ಇದ್ದಳು. ಅಲ್ಲಿವರೆಗೂ ಮಗುವಿನ ಮುಖವನ್ನು ಮಲಗಿಕೊಂಡೇ ಅಡ್ಡಡ್ಡ ನೋಡಿದ್ದಳು.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ನೋವು ಮರಳಿ ಬಂತು. ಮೊದಲಿನಷ್ಟಿಲ್ಲ, ಆದರೆ ಬಂತು. ಬರಬಹುದು ಅಂತ ನೀವೆಲ್ಲ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಮತ್ತೆ ಬ್ಲಾಕಾ, ಪ್ಯಾಚಾ ಅಂತ ಡಾಕ್ಟರ್ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಅವಳೇ, ಪ್ಯಾಚ್ ಹಾಕಿ ಸರ್, ಕೂತು ನೋಡಿದ ಮೇಲೆ ಮತ್ತೆ ಮಲಗೋಕೆ ಮನಸ್ಸಿಲ್ಲ ಅಂದಳು. ಶನಿವಾರ ಮಧ್ಯಾಹ್ನ ಆಯಿತು. 18 ಮಿ.ಲೀ.ಗೆ ಸಾಕು ಅಂದಳು, ನಿಲ್ಲಿಸಿದರು. ಎರಡು ಗಂಟೆ ಮಲಗಿದ್ದು ಎದ್ದಳು. ನೋವಿಲ್ಲ. ಇವತ್ತು ಸೊಂಟ ಹಿಡಿದಿದೆ ಅಂತಾಳೆ, ಅಷ್ಟೇ.

ಅತ್ತೆ ನೀರು ಕೊಡ್ತಿದ್ದಾರೆ, ಜೀರಿಗೆ ಹಾಕಿ. ಡಾಕ್ಟರೇ ಜೀರಿಗೆ ನೀರು ಬರೆದುಕೊಟ್ಟಿದ್ದಾರೆ ಅಂತ ಸುಳ್ಳು ಹೇಳಿದೆ.


ಲೆಕ್ಕ ಕೇಳುವವ
ಭಾನುವಾರ, ಸಂಜೆ 6.40

ನಾನು ಹೇಳಿದ್ದೇ ಆಯಿತಲ್ಲ, ನೇರ ಪ್ಯಾಚ್ ಮಾಡಿಸಿದ್ದರೆ ಒಂದು ದಿನ ಉಳಿಯುತ್ತಿತ್ತು.


ತುಮಕೂರಿನ ಹೊಸ ಅಪ್ಪ
ಭಾನುವಾರ, ಸಂಜೆ 6.55

ಇರಬಹುದು ಸರ್. ಆದರೆ ಗುರುವಾರ ರಾತ್ರಿ ಬೆನ್ನಿಗೆ ಇನ್ನೊಂದು ಸೂಜಿ ಅಂದಿದ್ದರೆ ಅವಳು ಒಪ್ಪುತ್ತಿರಲಿಲ್ಲ. ನಾನೂ ಒಪ್ಪುತ್ತಿರಲಿಲ್ಲ.


ಮುಂದಿನ ವಾರ ಆಪರೇಷನ್
ಭಾನುವಾರ, ರಾತ್ರಿ 9.20

ಇದೆಲ್ಲ ಓದಿ ನನಗೆ ನಡುಕ ಬಂತು. ಬುಧವಾರ ನನಗೆ ಮೊಣಕಾಲಿನ ಆಪರೇಷನ್, ಬೆನ್ನಿಗೆ ಇಂಜೆಕ್ಷನ್ ಅಂದಿದ್ದಾರೆ. ಸಣ್ಣ ಸೂಜಿ ಹಾಕಿ ಅಂತ ನಾವು ಕೇಳಬಹುದಾ, ಡಾಕ್ಟರ್‌ಗೆ ಸಿಟ್ಟು ಬರಲ್ವಾ?


ಅರಿವಳಿಕೆಯವನು
ಭಾನುವಾರ, ರಾತ್ರಿ 9.45

ಧಾರಾಳವಾಗಿ ಕೇಳಿ. ಪೆನ್ಸಿಲ್ ಪಾಯಿಂಟ್ ಸೂಜಿ ಇದೆಯಾ, 25 ಅಥವಾ 27 ಗೇಜ್ ಹಾಕುತ್ತೀರಾ ಅಂತ. ಗೇಜ್ ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣದು. ಹಳೇ ಥರದ ಸೂಜಿ ಪೊರೆಯ ಎಳೆಗಳನ್ನು ಕತ್ತರಿಸಿಕೊಂಡು ಹೋಗುತ್ತೆ, ಪೆನ್ಸಿಲ್ ತುದಿಯದು ಎಳೆಗಳನ್ನು ಪಕ್ಕಕ್ಕೆ ಸರಿಸಿ ಹೋಗುತ್ತೆ, ಹಾಗಾಗಿ ತಲೆನೋವು ಬರೋದು ಕಡಿಮೆ. ಬೆಲೆ ಸ್ವಲ್ಪ ಜಾಸ್ತಿ, ಎಲ್ಲ ಕಡೆ ಇಟ್ಟಿರಲ್ಲ. ಮೊದಲೇ ಹೇಳಿದರೆ ತರಿಸಿಡುತ್ತಾರೆ. ನಿಮ್ಮ ವಯಸ್ಸೆಷ್ಟು?


ಮುಂದಿನ ವಾರ ಆಪರೇಷನ್
ಭಾನುವಾರ, ರಾತ್ರಿ 9.50

67.


ಅರಿವಳಿಕೆಯವನು
ಭಾನುವಾರ, ರಾತ್ರಿ 9.52

ಹಾಗಾದರೆ ನೆಮ್ಮದಿಯಾಗಿ ನಿದ್ದೆ ಮಾಡಿ ಸರ್. ಇದು ಹೆಚ್ಚಾಗಿ ಹರೆಯದವರಿಗೆ, ಅದರಲ್ಲೂ ಹೆಂಗಸರಿಗೆ ಬರೋದು. ನಿಮ್ಮ ವಯಸ್ಸಿಗೆ ತುಂಬಾ ಕಡಿಮೆ. ಆದರೂ ಸೂಜಿ ಕೇಳಿ.